ಕಣ್ಣು ಬರೆಯದ ಮೀನುಗಾರ್ತಿ

ಹರಪನಹಳ್ಳಿಯಲ್ಲಿ ನನ್ನ ಭಾವ, ಅಂದರೆ ಅಕ್ಕನ ಗಂಡ, ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ನಾನು ಕೆಲಸ ಕಲಿತದ್ದೂ ಅವರ ಕೈಕೆಳಗೇ. ಫ್ಲೆಕ್ಸ್ ಬಂದ ಮೇಲೆ ನಮ್ಮನ್ನು ಕೇಳುವವರೇ ಇಲ್ಲವಾದರು. ಹಾಗಾಗಿ ಕರಾವಳಿಯ ಬಂದರು ನಗರವೊಂದರಲ್ಲಿ, ಸಮುದ್ರದಂಡೆಯ ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಾಗ ಭಾವ ಕುಣಿಯುತ್ತಲೇ ಹೋದರು. ಗೋಡೆಯಷ್ಟೆತ್ತರದ ಮೀನುಗಾರ್ತಿ, ಮುಖ ಮಾತ್ರ ಅಕ್ಕನದು ಎಂದು ಫೋನಿನಲ್ಲಿ ಹೇಳಿದ್ದರು.

ಭಾವನದು ಒಂದು ಪದ್ಧತಿ. ಕಣ್ಣು ಕೊನೆಗೆ. ಅದಕ್ಕೂ ಮುಂಚೆ ದೂರ ಹೋಗಿ, ಬೀಡಿ ಹಚ್ಚಿ, ಮುಖವನ್ನೇ ನೋಡುತ್ತಾ ಕೂರುವುದು. ನಮ್ಮೂರಲ್ಲಾದರೆ ರಸ್ತೆಯಾಚೆ ಚಹಾ ಅಂಗಡಿಯ ಕಟ್ಟೆ ಇತ್ತು. ಅಲ್ಲಿ ಕೂತರೆ ಕರೆದದ್ದೂ ಕಿವಿಗೆ ಹೋಗುತ್ತಿರಲಿಲ್ಲ. ಆ ಊರಲ್ಲಿ ಗೋಡೆಯ ಎದುರಿಗಿದ್ದದ್ದು ಸಮುದ್ರ. ಕಣ್ಣಷ್ಟೇ ಉಳಿದಿದ್ದ ದಿನ, ನೀರು ಇಳಿದಿದ್ದಾಗ, ಭಾವ ಬಂಡೆಗಳ ಮೇಲೆ ಕಾಲಿಡುತ್ತಾ ಒಳಕ್ಕೆ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತರು. ನಾವು ಕೆರೆ ಕಂಡ ಜನ. ಕೆರೆಯ ನೀರು ಮಳೆ ಬಿದ್ದರಷ್ಟೇ ಏರುತ್ತದೆ. ಮೋಡವೇ ಇಲ್ಲದ ದಿನ, ಸುಡು ಬಿಸಿಲಲ್ಲಿ, ನೀರು ತಾನಾಗಿ ಎದ್ದು ಬರುತ್ತದೆಂದು ನಮ್ಮವರು ಯಾರು ತಾನೆ ಎಣಿಸುತ್ತಾರೆ? ದಂಡೆಯಲ್ಲಿದ್ದವರು ಕೂಗಿ ಕೂಗಿ ಕರೆದರಂತೆ. ಭಾವ ಏಳುವಷ್ಟರಲ್ಲಿ ದಂಡೆಗೂ ಅವರಿಗೂ ನಡುವೆ ಉಬ್ಬರದ ನೀರು ತುಂಬಿತ್ತು. ಅವರಿಗೆ ಈಜು ಬರುತ್ತಿರಲಿಲ್ಲ.

ಮಣ್ಣು ಮಾಡಿದ ಮೇಲೆ ಅಕ್ಕ ಒಂದೇ ಹಟ ಹಿಡಿದಳು: ಅವರ ಕೊನೆಯ ಕೆಲಸ ಅರ್ಧಕ್ಕೆ ನಿಲ್ಲಬಾರದು, ಕಣ್ಣನ್ನು ನಾನೇ ಬರೆಯಬೇಕು. ಇಬ್ಬರೂ ಬಸ್ಸು ಹತ್ತಿದೆವು.

ಅಲ್ಲಿ ದಂಡೆಯುದ್ದಕ್ಕೂ ಕಲ್ಲುಬೆಂಚು, ಗುಜರಿ ಕಬ್ಬಿಣದಲ್ಲಿ ಮಾಡಿದ ದೊಡ್ಡ ಮೀನು, ಬಣ್ಣ ಬಳಿದು ನಿಲ್ಲಿಸಿದ ಹಳೇ ದೋಣಿ, ಐಸ್‌ಕ್ರೀಮ್ ಗಾಡಿ. ಕಣ್ಣಿನ ಜಾಗ ಖಾಲಿಯಿದ್ದ ಮೀನುಗಾರ್ತಿಯ ಮುಂದೆ ಜನ ಹಲ್ಲು ಕಿಸಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಅವರಿಗೇನು ಗೊತ್ತು ಎಂದುಕೊಂಡು ಬಣ್ಣದ ಡಬ್ಬಿ ಕೆಳಗಿಟ್ಟೆ.

ಅಕ್ಕ ತಲೆಯೆತ್ತಿ ನೋಡಿದಳು. ಅವಳದೇ ಮೂಗು, ಅವಳದೇ ಗದ್ದ. ಆಮೇಲೆ ಹಿಂದಕ್ಕೆ ಹೊರಳಿ, ಆ ಮುಖ ನೋಡಬೇಕಾಗಿದ್ದ ಕಡೆ ತಾನೂ ನೋಡಿದಳು. ಬಂಡೆಗಳು ಅರ್ಧ ಮುಳುಗಿದ್ದವು.

“ಬರೀಬ್ಯಾಡ ತಮ್ಮಾ,” ಅಂದಳು. “ಬರದ್ರ ಆಕಿ ಹಗಲೂ ರಾತ್ರಿ ಅದನ್ನ ನೋಡ್ಕೊಂತ ನಿಂದ್ರಬೇಕಾಗ್ತೈತಿ.”

ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಕೆಟ್ಟವನಲ್ಲ. ಆದರೂ ಒಪ್ಪಲಿಲ್ಲ. “ನಾಳೆ ಉದ್ಘಾಟನೆ ಉಂಟಮ್ಮ. ಹೀಗೇ ಬಿಡಲಿಕ್ಕೆ ಆಗುವುದಿಲ್ಲ. ಇವರು ಬರೆಯದಿದ್ದರೆ ನಮ್ಮವರು ಬರೀತಾರೆ.”

ಅಕ್ಕ ನನ್ನ ಕಡೆ ತಿರುಗಿ, “ಹಂಗಾರ ನೀನ ಬರಿ. ಮುಚ್ಚಿದ ಕಣ್ಣು ಬರಿ,” ಅಂದಳು.

ಏಣಿ ಹತ್ತಿದೆ. ಅಳು ಬಂದು ಗೋಡೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಹೇಗೋ ರೆಪ್ಪೆಗಳನ್ನು ಎಳೆದು ಇಳಿದೆ. ಮೇಸ್ತ್ರಿ ಮೇಲೆ ನೋಡಿ, “ಇವಳು ನಿದ್ದೆ ಮಾಡುವುದಾ?” ಎಂದು ನನ್ನನ್ನು ಕೇಳಿದ.

ಉತ್ತರ ಕೊಟ್ಟವಳು ಅಕ್ಕ. “ಇಲ್ರಿ. ಎಚ್ಚರ ಅದಾಳ. ನೋಡಾಕ ಮನಸಿಲ್ಲ.”