ಹಾಲು ಸೋರುವ ಸದ್ದು

ಮಧ್ಯಾಹ್ನದ ಊಟವಾದ ಮೇಲೆ ಮನೆಯ ನಲ್ಲಿಗಳನ್ನೆಲ್ಲ ಒಂದು ಸುತ್ತು ಬಿಗಿಮಾಡಿ ಬರುವುದು ನನ್ನ ಹಳೆಯ ಚಾಳಿ. ಮನೆಯವರು ನಗುತ್ತಾರೆ, ನಗಲಿ, ನಿಮಗಾದರೂ ಕಾರಣ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮಸ್ಕತ್ತಿನ ವಾದಿ ಕಬೀರಿನಲ್ಲಿದ್ದೆವು. ಕೆಳಗೆ ಗ್ಯಾರೇಜುಗಳು, ಮೇಲೆ ನಮ್ಮ ಬಾಡಿಗೆ ಮನೆ, ಮೆಟ್ಟಿಲ ಬುಡದಲ್ಲಿ ಕಾವಲಿಗೆ ಮುರಾದ್ ಚಾಚಾ. ಮಕ್ರಾನದ ಬಲೂಚಿಯವರು, ಸೈನ್ಯದಲ್ಲಿದ್ದು ಮುದುಕರಾದವರು. ನಾನು ಕೊಟ್ಟ ಚಹಾ ಹೀರುತ್ತಾ ತಮ್ಮ ಕುಲದ ಸರದಾರನೊಬ್ಬನ ಕಥೆಯನ್ನು ಹಿಂದಿಯಲ್ಲಿ ಹೇಳುತ್ತಿದ್ದರು. ಆತ ಸತ್ತು ಐನೂರು ವರ್ಷವಾಗಿತ್ತು. ಚಾಚಾನ ಬಾಯಲ್ಲಿ ಮಾತ್ರ ಮೊನ್ನೆ ಕುದುರೆ ಇಳಿದು ಬಂದವನ ಹಾಗಿದ್ದ.

ಹೆಂಗಸೊಬ್ಬಳು ತನ್ನ ಒಂಟೆಗಳೊಂದಿಗೆ ಬಂದು ಆ ಸರದಾರನ ಆಶ್ರಯ ಬೇಡಿದಳಂತೆ. ಕೇಳಿದವರು ಯಾರೇ ಆಗಲಿ, ಕೊಟ್ಟ ಮೇಲೆ ಪ್ರಾಣ ಹೋದರೂ ಕಾಯಬೇಕೆಂಬುದು ಅವರ ಕಟ್ಟಳೆ. ಒಂದು ದಿನ ಅವನು ಬಂದು ನೋಡಿದರೆ ತಾಯಿ ಒಂಟೆಗಳ ಕೆಚ್ಚಲಿನಿಂದ ಹಾಲು ತಾನಾಗಿ ಮರಳಿಗೆ ತೊಟ್ಟಿಕ್ಕುತ್ತಿತ್ತು, ಕುಡಿಯಲು ಮರಿಗಳಿರಲಿಲ್ಲ. ದಾಯಾದಿಗಳ ಹುಡುಗರು ಮೋಜಿಗಾಗಿ ಅವನ್ನು ಕಡಿದು ಹಾಕಿದ್ದರು. ಅಷ್ಟಕ್ಕೆ ಮೂವತ್ತು ವರ್ಷ ಯುದ್ಧ! ಬಂಧುಗಳು ಮಣ್ಣಾದರು, ನಾಡು ಕೈಬಿಟ್ಟಿತು, ಸರದಾರ ಪರದೇಶದಲ್ಲಿ ಸತ್ತ. ಕೊನೆಯವರೆಗೂ ಎಲ್ಲಿ ಗುಡಾರ ಹಾಕಿದರೂ ಹೊರಗೆ ಹಾಲು ತೊಟ್ಟಿಕ್ಕುವ ಸದ್ದು ಅವನಿಗೆ ಕೇಳಿಸುತ್ತಿತ್ತಂತೆ. ನಾಲ್ಕು ಒಂಟೆಮರಿಗಳಿಗಾಗಿ ಮನೆತನವನ್ನೇ ಕಳೆದುಕೊಂಡ ಮಹಾರಾಯ, ನಮ್ಮ ಉಡುಪಿ ಕಡೆಯಾಗಿದ್ದರೆ ದೈವದ ಮುಂದೆ ತಪ್ಪು ಕಾಣಿಕೆ ಹಾಕಿಸಿ ಮುಗಿಸುತ್ತಿದ್ದರು ಎಂದು ನಾನು ನಕ್ಕಿದ್ದೆ. ಚಾಚಾ ನಗಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಹಿಂದಿನ ಬೀದಿಯ ಮನೆಯೊಂದರಲ್ಲಿ ಕೆಲಸಕ್ಕಿದ್ದ, ಚಿಕ್ಕಬಳ್ಳಾಪುರದ ಕಡೆಯ ಹೆಂಗಸು. ಬಟ್ಟೆ ಒಗೆಯುತ್ತಿದ್ದವಳು ಹಾಗೆಯೇ ಓಡಿಬಂದಿದ್ದಳು. ಸೆರಗಿನಿಂದ ನೀರು ನಮ್ಮ ಹೊಸ್ತಿಲಿಗೆ ತೊಟ್ಟಿಕ್ಕುತ್ತಿತ್ತು, ಮೊಣಕೈಯಲ್ಲಿ ಬರೆ.

"ಅಕ್ಕಾ, ಎರಡೇ ದಿನ ಇರ್ತೀನಿ, ಕಳಿಸ್ಬೇಡಿ" ಎಂದಳು.

ಇವರ ಆಫೀಸಿಗೆ ಫೋನು ಮಾಡಿದೆ. ಓಡಿಬಂದವರನ್ನು ಇಟ್ಟುಕೊಂಡದ್ದು ನಮಗೆ ವೀಸಾ ಕೊಟ್ಟ ಧಣಿ ಕಫೀಲನಿಗೆ ಗೊತ್ತಾದರೆ ವೀಸಾ ಖಲಾಸ್, ಮರುದಿನವೇ ಊರಿಗೆ, ಮೊದಲು ಅವಳನ್ನು ಕಳಿಸು ಎಂದರು. ಅವರ ಮಾತು ಸುಳ್ಳಲ್ಲ. ನಾನು ಹೆದರಿದೆ, ಅಷ್ಟೇ. ಕುಡಿಯಲು ನೀರು ಕೊಟ್ಟೆ. ಮುತ್ತೈದೆಯೆಂದು ಹಣೆಗೆ ಕುಂಕುಮವನ್ನೂ ಇಟ್ಟೆ. ನಮ್ಮಲ್ಲಿ ಯಾರಿಗೂ ಬರಿದೇ ಹೋಗು ಎನ್ನಬಾರದಲ್ಲ, ಬಾಯಿಯ ರೂಢಿಯಂತೆ "ಹೋಗಿ ಬಾ" ಎಂದೆ. ಬೆಂಕಿಗೆ ನೂಕುವಾಗಲೂ ಶಾಸ್ತ್ರ ಬಿಡದ ಜಾತಿ ನಮ್ಮದು. ಕೆಳಗೆ ಕಾದಿದ್ದ ಅವಳ ಯಜಮಾನನ ಕಾರು ಅವಳನ್ನು ಹತ್ತಿಸಿಕೊಂಡು ಹೋದದ್ದನ್ನು ನಾನೂ ಕಂಡೆ, ಚಾಚಾನೂ ಕಂಡರು.

ಮರುದಿನದಿಂದ ಚಾಚಾ ನಮ್ಮ ಚಹಾ ಮುಟ್ಟಲಿಲ್ಲ. ಮರುದಿನದಿಂದಲೇ ಆ ಸದ್ದು. ಮಧ್ಯಾಹ್ನ ಉಂಡು ಎಲ್ಲರೂ ಮಲಗುವ ಹೊತ್ತಿಗೆ, ಬಾಗಿಲ ಬಳಿ, ಟಪ್, ಟಪ್. ಪ್ಲಂಬರ್ ಬಂದು ಅಡುಗೆಮನೆಯ ಪೈಪು ಬದಲಿಸಿದ. ಬಾಗಿಲ ಬಳಿ ಪೈಪೇ ಇರಲಿಲ್ಲವೆನ್ನಿ, ಹೊಸ್ತಿಲು ಮಾತ್ರ ಇತ್ತು. ಮುಟ್ಟಿ ನೋಡಿದರೆ ಒಣಕಲು. ಒಮ್ಮೆ ಮಾತ್ರ ಬೆರಳು ಒದ್ದೆಯಾಯಿತು. ಮೂಸಿ ನೋಡಲು ಧೈರ್ಯ ಬರಲಿಲ್ಲ. ಅವಳೇನಾದಳೆಂದು ಯಾರನ್ನಾದರೂ ಕೇಳಲೂ ಧೈರ್ಯ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ಅಲ್ ಮವಾಲೇಹಿಗೆ ಮನೆ ಬದಲಿಸಿದೆವು. ಸಾಮಾನನ್ನೆಲ್ಲ ಚಾಚಾನೇ ಮುಂದೆ ನಿಂತು ಪಿಕಪ್ಪಿಗೆ ಏರಿಸಿದರು. ಕೊನೆಗೆ ಬೀಗ ಹಿಡಿದು ಮೇಲಿನಿಂದ ಇಳಿದು ಬಂದವರು ನನ್ನೊಬ್ಬಳಿಗೇ ಕೇಳುವಂತೆ, ಬಹಳ ಮೆಲ್ಲಗೆ ಹೇಳಿದರು:

"ಬೀಬಿ, ಅವಳಿನ್ನೂ ಬಾಗಿಲಲ್ಲೇ ಕೂತಿದ್ದಾಳೆ. ಕರೆಯುತ್ತೀರೋ, ಬೀಗ ಹಾಕಲೋ?"

ಇವರು ಹಾರ್ನ್ ಹೊಡೆಸುತ್ತಿದ್ದರು. ನಾನು ಮೆಟ್ಟಿಲು ಹತ್ತಿದೆ. ಖಾಲಿ ಮನೆಯ ಹೊಸ್ತಿಲ ಮುಂದೆ ನಿಂತೆ.

"ಬಾ ತಂಗಿ, ನಮ್ಮೊಟ್ಟಿಗೆ ಹೋಗುವ" ಎಂದೆ.

ಪಿಕಪ್ಪಿನ ಮುಂದಿನ ಸೀಟು ಮೂರು ಜನಕ್ಕೇ ಇಕ್ಕಟ್ಟು. ಡ್ರೈವರನ ಪಕ್ಕಕ್ಕೆ ಇವರನ್ನು ಇನ್ನಷ್ಟು ಸರಿಸಿ, ಬಾಗಿಲ ಕಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತೆ.