ಹಗ್ಗದ ಆಚೆಯ ಜೋಳ

ಸಹನಾ, ವಿಶಾಲ,

ಹೋದ ವಾರ ಗೋಕಾಕದ ಹೊಳೆ ದಂಡೆಯಲ್ಲಿ ತೆಗೆದ ಹಕ್ಕಿಗಳ ಫೋಟೋ ತೋರಿಸಲು ಮೊಮ್ಮಕ್ಕಳು ನೀವಿಬ್ಬರೂ ಬಂದಾಗ ನಾನು ಎದ್ದು ಒಳಗೆ ಹೋದೆ. "ಆಯಿಗೆ ಹಕ್ಕಿ ಅಂದ್ರ ಆಗಂಗಿಲ್ಲ" ಎಂದು ಸಹನಾ ಅಂದದ್ದು ಅಡುಗೆಮನೆಗೂ ಕೇಳಿಸಿತು. ಎದುರು ಕುಳಿತು ಹೇಳಲು ನನಗೆ ಬರುವುದಿಲ್ಲ. ನಿಮ್ಮ ಮುತ್ಯಾ ಇದ್ದಾಗ ಅವರಿಗೂ ಹೇಳಿರಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಆ ದಿನಗಳಲ್ಲಿ ನಮ್ಮ ಕಡೆ ಹಕ್ಕಿಯನ್ನು ಯಾರೂ ಚೆಂದ ಎನ್ನುತ್ತಿರಲಿಲ್ಲ. ನನ್ನ ತವರು ತುಕ್ಕಾನಟ್ಟಿಯ ಹತ್ತಿರದ ಹಳ್ಳಿ. ಕಾಲುವೆಯ ನೀರು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಿದ್ದೆವು, ವರ್ಷದ ರೊಟ್ಟಿ ಅದರಲ್ಲೇ ಬರಬೇಕಿತ್ತು. ತೆನೆ ಹಾಲುಗಟ್ಟಿದ ಕೂಡಲೇ ಹಕ್ಕಿ ಇಳಿಯುತ್ತಿದ್ದವು. ಗಿಳಿ, ಗುಬ್ಬಿಯನ್ನು ಹೇಗೋ ತಡೆಯಬಹುದು. ಭಯವಿದ್ದದ್ದು ಇನ್ನೊಂದು ಜಾತಿಯದು. ನಾವು ಅದಕ್ಕೆ ಜೋಳದ ಹಕ್ಕಿ ಎನ್ನುತ್ತಿದ್ದೆವು. ತಲೆ, ರೆಕ್ಕೆ ಕಪ್ಪು, ಮೈಯೆಲ್ಲ ಗುಲಾಬಿ. ಚಳಿಗಾಲಕ್ಕೆ ಎಲ್ಲಿಂದಲೋ ಬಂದು ಮೋಡದ ಹಾಗೆ ಸುತ್ತಿ ಸುತ್ತಿ ಒಮ್ಮೆಲೇ ಹೊಲದ ಮೇಲೆ ಬೀಳುತ್ತಿದ್ದವು. ಅವು ಎದ್ದು ಹೋದ ಮೇಲೆ ತೆನೆಯಲ್ಲಿ ಬರೀ ಹೊಟ್ಟು.

ಅವನ್ನು ಓಡಿಸುವುದು ನನ್ನ ಕೆಲಸ. ಹೊಲದ ನಡುವೆ ನಾಲ್ಕು ಗೂಟದ ಮೇಲೆ ಅಟ್ಟ ಕಟ್ಟಿದ್ದರು. ನಸುಕಿನಲ್ಲೇ ಏರಿದರೆ ಸಂಜೆಗೆ ಇಳಿಯುವುದು. ಕೈಯಲ್ಲಿ ಕವಣೆ, ಮಗ್ಗುಲಲ್ಲಿ ಒಣಗಿಸಿದ ಮಣ್ಣಿನ ಗುಂಡುಗಳ ಬುಟ್ಟಿ. ಹಕ್ಕಿ ಇಲ್ಲದ ಹೊತ್ತಿನಲ್ಲಿ ಅದೇ ಗುಂಡುಗಳಲ್ಲಿ ಒಬ್ಬಳೇ ಆಣೆಕಲ್ಲು ಆಡುತ್ತಿದ್ದೆ. ಆ ಹಂಗಾಮಿನಲ್ಲಿ ಸಾಲಿ ತಪ್ಪಿಸಿದರೆ ಮಾಸ್ತರರು ಏನೂ ಅನ್ನುತ್ತಿರಲಿಲ್ಲ, ಅವರ ಮನೆಯ ಹುಡುಗನೂ ಅಟ್ಟದ ಮೇಲೇ ಇರುತ್ತಿದ್ದ.

ನಾನಾಗ ಏಳನೆಯ ಇಯತ್ತೆ. ನಮ್ಮೂರ ಸಾಲಿ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನ ತಮ್ಮ ಈರಣ್ಣ ಕಾಕಾ ಹುಕ್ಕೇರಿಯಲ್ಲಿ ಕಚೇರಿಯ ನೌಕರ, ಪಗಾರದವನು. ಹೊಲ ಮಾತ್ರ ಇಬ್ಬರದೂ ಒಟ್ಟಿಗಿತ್ತು. ನಾವು ಬಿತ್ತಿ, ಕಳೆ ತೆಗೆದು, ಕಾದು ರಾಶಿ ಮಾಡಿದರೆ ಅರ್ಧ ಜೋಳ ಹುಕ್ಕೇರಿಗೆ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಕಾಕಾ ಮಾತು ಕೊಟ್ಟಿದ್ದ: ಏಳನೆಯದು ಮುಗಿದ ಮೇಲೆ ಶಾಂತಾ ನಮ್ಮ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗಲಿ. ಆ ಮಾತಿನ ಮೇಲೆ ನಾನು ಇಡೀ ವರ್ಷ ಬದುಕಿದ್ದೆ. ಅಟ್ಟದ ಮೇಲೆ ಕುಳಿತು, ಕಂಡಿರದ ಹುಕ್ಕೇರಿಯ ಓಣಿಗಳಲ್ಲಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ತಿರುಗಾಡಿ ಬರುತ್ತಿದ್ದೆ.

ಆ ವರ್ಷ ಎಳ್ಳಮಾಸೆ ಹಬ್ಬಕ್ಕೆ ಕಾಕಾ ಬಂದಾಗ ಅವನ ಕೊರಳಲ್ಲಿ ಕ್ಯಾಮರಾ ಇತ್ತು. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳ ಹಿಂಡಿ, ಕಡಬು. ಅಪ್ಪ ಮಾಡಿದ ಅಡುಗೆಯಲ್ಲೇ ತುಸು ತೆಗೆದು ಭೂಮಿತಾಯಿಗೆಂದು ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿ ಬಂದ. ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಸೀತನಿ ಮಾಡಿದೆವು. ಹಸಿ ಜೋಳ ಸುಡುವ ಆ ಸಿಹಿ ಹೊಗೆ ಲಂಗದಿಂದ ಎರಡು ದಿನ ಹೋಗುತ್ತಿರಲಿಲ್ಲ. ಎಲ್ಲರೂ ತಿನ್ನುತ್ತಿದ್ದರೆ ಕಾಕಾ ಮಾತ್ರ ಮೇಲೆ ಸುತ್ತುವ ಗುಲಾಬಿ ಹಿಂಡನ್ನೇ ನೋಡುತ್ತಿದ್ದ.

ಮರುದಿನ ಅಪ್ಪ ಮೂಡಲಗಿಗೆ ಹೋಗಿದ್ದ. ಕಾಕಾ ತಲೆಯ ಮೇಲೆ ಕಂಬಳಿ ಹೊದ್ದು ಜೋಳದ ನಡುವೆ ಕುಳಿತ.

"ಶಾಂತಾ, ಕವಣಿ ಬೀಸಬ್ಯಾಡ. ಒಂದ್ ಗಳಿಗಿ ಸುಮ್ನ ಕೂಡು."

"ಅಪ್ಪ ಬೈತಾನ, ಕಾಕಾ."

"ನಿಮ್ಮಪ್ಪ ಮೂಡಲಗ್ಯಾಗ ಅದಾನ. ಹೊಲ ನಂದೂ ಐತಿ. ಜೂನದಾಗ ನಮ್ಮ ಮನಿಗಿ ಬರಾಕಿ ನೀ. ಈಗಿಂದನ ನನ್ನ ಮಾತು ಕೇಳಂಗಿಲ್ಲೇನು?"

ನಾನು ಕವಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಿಂಡು ಇಳಿಯಿತು. ಅವು ತಿನ್ನುವ ಸದ್ದು ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಹೊಲದ ತುಂಬ. ತೆನೆಯ ಹಾಲಿನ ವಾಸನೆ ಅಟ್ಟದವರೆಗೂ ಬಂತು. ಕಂಬಳಿಯೊಳಗಿಂದ ಕ್ಯಾಮರಾದ ಸಣ್ಣ ಸದ್ದು, ಮತ್ತೆ ಒಂದು, ಮತ್ತೆ ಒಂದು. ಅವನಿಗೆ ಸಾಕು ಎನ್ನಿಸಲೇ ಇಲ್ಲ.

ಅಷ್ಟರಲ್ಲಿ ಮೂಡಲಗಿಯಿಂದ ಮರಳಿದ ಅಪ್ಪ ಬದುವಿನಿಂದಲೇ ಚೀರಿದ. ತಲೆಯ ರುಮಾಲು ಬಿಚ್ಚಿ ಬೀಸುತ್ತ ಓಡಿ ಬಂದ. ಹಿಂಡು ಎದ್ದಿತು. ಅಪ್ಪ ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ಊದಿದ. ಕೈಯಲ್ಲಿ ಏನೂ ಉಳಿಯಲಿಲ್ಲ.

"ಏನ್ ಮಾಡಾಕತ್ತೀಯೋ, ಈರ್ಯಾ?"

"ಫೋಟೋ, ಅಣ್ಣಾ. ಈ ಹಕ್ಕಿ ಇಷ್ಟ ಹತ್ರ ಯಾರಿಗೂ ಸಿಗಂಗಿಲ್ಲ."

"ನಾವು ಹೊಡದ ಓಡಸ್ತೀವಿ, ಅದಕ್ಕ ಸಿಗಂಗಿಲ್ಲ."

"ನಿನ್ನಿ ಚರಗ ಚೆಲ್ಲಿದ್ಯಲ್ಲ, ಅದು ಹಕ್ಕಿಗಲ್ಲೇನು?"

"ಅದು ನಾ ಕೈಯಾರೆ ಚೆಲ್ಲಿದ್ದು. ಇದು ನನ್ನ ಬಾಯಾಗಿಂದು ಕಸಕೊಂಡದ್ದು."

"ತಿಂದದ್ದನ್ನ ನನ್ನ ಪಾಲಿನಾಗ ಹಿಡಿ. ಮುಗೀತಲ್ಲ?"

"ನಿನ್ನ ಪಾಲಿನ ತೆನಿ ಯಾವ್ವು, ತೋರಸು! ಹಕ್ಕಿಗಿ ಹೇಳಿ ಕಳಸಿದ್ದೇನು?"

"ಹಂಗಾರ ಪಾಲ ಮಾಡಿಬಿಡು!"

ಆಡಿದ ಮೇಲೆ ಕಾಕಾನೇ ತುಸು ಬೆಚ್ಚಿದ. ಆದರೆ ಅಪ್ಪ ಅದನ್ನು ಹಿಡಿದುಕೊಂಡ. ಮರುದಿನ ಬೆಳಗಾಗುವಷ್ಟರಲ್ಲಿ ಮೇವು ಬಿಗಿಯುವ ಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ, ಈ ಬದುವಿನಿಂದ ಆ ಬದುವಿಗೆ ಬೆಳೆಯ ನಡುವೆ ಎಳೆದು ಕಟ್ಟಿದ್ದ.

"ಇತ್ತಾಗಿಂದು ನಮ್ಮದು. ಅತ್ತಾಗಿಂದು ಸಾಹೇಬ್ರದು. ಹಗ್ಗದ ಆಚಿ ಒಂದ ಗುಂಡು ಬಿದ್ರೂ ನಿನ್ನ ಕೈ ಮುರೀತೇನಿ" ಎಂದು ನನಗೆ ಹೇಳಿದ.

ಹಕ್ಕಿಗಳಿಗೆ ಬೇಗ ತಿಳಿಯಿತು. ಇಲ್ಲಿ ಗುಂಡು ಬೀಳುತ್ತದೆ, ಅಲ್ಲಿ ಬೀಳುವುದಿಲ್ಲ. ಎಲ್ಲವೂ ಅಲ್ಲೇ ಇಳಿದವು. ಕಾಕಾ ಅವುಗಳ ನಡುವೆ ಕಂಬಳಿ ಹೊದ್ದು ಕುಳಿತ. ಓಡಿಸಿದರೆ ಸೋತ ಹಾಗೆ. ಅಪ್ಪ ಬದುವಿನ ಮೇಲೆ ಕುಳಿತು ಮೀಸೆ ತಿರುವುತ್ತ ಹಕ್ಕಿಗಳನ್ನೇ ಮಾತಾಡಿಸುತ್ತಿದ್ದ. "ತಿನ್ರಿ, ತಿನ್ರಿ. ಸಾಹೇಬ್ರ ಮನಿ ಊಟ, ನಾಚಬ್ಯಾಡ್ರಿ."

ಮಧ್ಯಾಹ್ನ ಅವ್ವ ರೊಟ್ಟಿಬುಟ್ಟಿ ಹೊತ್ತು ಬಂದಳು. ಹಗ್ಗದ ಆಚೆಗೆ ನೋಡಿದಳು. ಬುಟ್ಟಿ ಇಳಿಸಿ, ಮೇಲೆ ಮುಚ್ಚಿದ್ದ ಗಂಗಾಳ ತೆಗೆದುಕೊಂಡು, ಸೀರೆ ಎತ್ತಿ ಕಟ್ಟಿ ಹಗ್ಗ ದಾಟಿಬಿಟ್ಟಳು. ಕಲ್ಲಿನಿಂದ ಗಂಗಾಳ ಬಡಿಯುತ್ತ ಜೋಳದೊಳಗೆ ನುಗ್ಗಿದಳು.

"ವೈನೀ, ಹಕ್ಕಿ ಎಬ್ಬಸಬ್ಯಾಡ್ರಿ!" ಎಂದು ಕಾಕಾ ಕಂಬಳಿಯಿಂದ ತಲೆ ಹೊರಗೆ ಹಾಕಿದ.

"ಏ, ಅದು ನಮ್ಮದಲ್ಲ! ಇತ್ತಾಗ ಬಾ!" ಎಂದು ಅಪ್ಪ ಕೂಗಿದ.

ಅವ್ವ ಯಾರೆದುರೂ ದನಿ ಎತ್ತಿದವಳಲ್ಲ. "ನಾ ಬಗ್ಗಿ ಕಳೆ ತಗಿಯುವಾಗ ಈ ಹಗ್ಗ ಎಲ್ಲಿತ್ರಿ?" ಎಂದಳು. "ತಿನ್ನೂ ಅನ್ನ ಹಾಳಾಗಾಕತ್ತೈತಿ, ಇಬ್ಬರೂ ಕುಂತ ನೋಡ್ರಿ. ಒಬ್ರು ಪೆಟಗಿ ಹಿಡಕೊಂಡು, ಒಬ್ರು ಮೀಸಿ ಹಿಡಕೊಂಡು!"

ಬಾಜೂ ಹೊಲದವರು ಕೇಳಿ ನಕ್ಕರು. ಆ ನಗೆಯೇ ಕೆಡಿಸಿತು. ಕಾಕಾನ ಮುಖ ಕೆಂಪಾಯಿತು. "ನಿನ್ನ ಮಗಳನ್ನ ಇಟ್ಕೊಂಡು ಓದಸ್ಬೇಕು, ನಿನ್ನ ಹೆಣ್ತಿ ಕಡೆ ಬೈಸ್ಕೋಬೇಕು. ಚಲೋ ಐತಿ ನ್ಯಾಯ!" ಎಂದ.

ಅಲ್ಲಿಯವರೆಗೆ ಅವ್ವನನ್ನು ಗದರುತ್ತಿದ್ದ ಅಪ್ಪ ಅವನ ಕಡೆ ತಿರುಗಿದ. "ನಿನ್ನ ಹೊಸ್ತಲಾ ತುಳಿಯೂ ಗತಿ ನನ್ನ ಮಗಳಿಗಿ ಬಂದಿಲ್ಲ. ಆಕಿ ಬರೂದಿಲ್ಲ, ಹೋಗು!"

ಅವ್ವನ ಕೈಯ ಗಂಗಾಳ ಸುಮ್ಮನಾಯಿತು. ಹಕ್ಕಿಗಳು ಮತ್ತೆ ಇಳಿಯತೊಡಗಿದವು. ನಾನು ಅಟ್ಟದ ಮೇಲೆ ನಿಂತಿದ್ದೆ, ಎಲ್ಲರಿಗೂ ಕಾಣುವ ಹಾಗೆ. ಇಬ್ಬರೂ ಗಂಡಸರು ನನ್ನ ಕಡೆ ತಲೆ ಎತ್ತಲಿಲ್ಲ.

ಕಾಕಾ ಸಂಜೆಯ ಬಸ್ಸಿಗೆ ಹೋದ. ರಾಶಿಯ ನಂತರ ಹಗ್ಗದ ಆಚೆ ಸಿಕ್ಕಷ್ಟನ್ನು ಅಪ್ಪ ಬೇರೆಯೇ ಚೀಲದಲ್ಲಿ ಹಾಕಿ ಹುಕ್ಕೇರಿಗೆ ಕಳಿಸಿದ. ಚೀಲ ಅರ್ಧವೂ ತುಂಬಿರಲಿಲ್ಲ. ಅದಕ್ಕೆ ಉತ್ತರವೆಂಬಂತೆ ಕಾಕಾ ಬಸ್ಸಿನವರ ಕೈಯಲ್ಲಿ ಒಂದು ಫೋಟೋ ಕಳಿಸಿದ. ಅಪ್ಪ ಅದನ್ನು ಮುಟ್ಟಲಿಲ್ಲ. ಅವ್ವ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ತೆನೆಗಳ ಮೇಲೆ ಹಕ್ಕಿಗಳೇನೋ ಇದ್ದವು, ಎಲ್ಲವೂ ಕಪ್ಪು ಮತ್ತು ಬೂದಿ. ಗುಲಾಬಿ ಎಲ್ಲೂ ಇರಲಿಲ್ಲ.

"ಇದೇನ, ಕಾಗಿ ಇದ್ದಂಗ ಅದಾವಲ್ಲ. ಇದಕ್ಕ ಇಷ್ಟೆಲ್ಲಾ ಆತು?" ಎಂದು ಒಲೆಗೆ ಹಾಕಿದಳು.

ಜೂನ್ ತಿಂಗಳು ಬಂತು. ಸಾಲಿ ತೆರೆಯುವ ವಾರದಲ್ಲಿ ನಾನು ದಿನವೂ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕಾಕಾ ಬಂದು, ಆದದ್ದು ಆಯಿತು, ನಡಿ ಎನ್ನಬಹುದು. ಅಪ್ಪ ತಾನೇ ಕರೆದುಕೊಂಡು ಹೋಗಿ ಬಿಡಬಹುದು. ಒಂದು ದಿನ ಅವ್ವ ಹೊರಗೆ ಬಂದು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಗೆ ಕಸಬರಿಗೆ ಕೊಟ್ಟಳು.

ಹಗ್ಗವಿದ್ದಲ್ಲಿ ಆಮೇಲೆ ಕಲ್ಲು ನೆಟ್ಟರು. ಅಣ್ಣತಮ್ಮಂದಿರು ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತು ಉಂಡು, ಮಾತಾಡದೆಯೇ ತೀರಿಹೋದರು. ಕಾಲುವೆಯ ನೀರು ಬಂತು. ಕಲ್ಲಿನ ಎರಡೂ ಕಡೆ ಈಗ ಕಬ್ಬು. ನಮ್ಮ ಹೊಲದಲ್ಲಿ ಬಿಳಿಜೋಳ ಇಲ್ಲ, ಅಟ್ಟವಿಲ್ಲ, ಸೀತನಿಯ ಹೊಗೆ ಇಲ್ಲ. ರೊಟ್ಟಿಗೆ ಜೋಳ ಅಂಗಡಿಯಿಂದ ಬರುತ್ತದೆ. ಕಬ್ಬಿನಲ್ಲಿ ಆ ಹಕ್ಕಿಗಳಿಗೆ ಏನಿದೆ? ಅವು ಅಲ್ಲಿ ಇಳಿದದ್ದನ್ನು ನಾನು ನೋಡಿ ಎಷ್ಟೋ ವರ್ಷವಾಯಿತು. ನನ್ನ ಜೊತೆ ಸಾಲಿ ಕಲಿತು ಹುಕ್ಕೇರಿಗೆ ಹೋದವರಲ್ಲಿ ಒಬ್ಬಳು ಮಾಸ್ತರಿಣಿಯಾಗಿ ಪಿಂಚಣಿ ತೆಗೆದುಕೊಳ್ಳುತ್ತಿದ್ದಾಳೆ. ಎದುರಾದಾಗ ನಾನು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತೇನೆ.

ಹಕ್ಕಿಗಳ ಮೇಲಿನ ಸಿಟ್ಟು ಅವು ಬರುವುದು ನಿಂತ ಮೇಲೆ ತಾನಾಗಿ ಹೋಯಿತು. ಆ ಇಬ್ಬರ ಮೇಲಿನದು ಹೋಗಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನ್ನಿಂದ ಆಗಿಲ್ಲ, ಆಯಿತೆಂದು ನಿಮಗೆ ಸುಳ್ಳು ಬರೆಯುವುದೂ ಇಲ್ಲ.

ನನಗೆ ಬಂದ ಏಳು ಇಯತ್ತೆಯ ಅಕ್ಷರದಲ್ಲಿ ಇಷ್ಟು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ, ಆದರೆ ಹಾಳೆಗಳನ್ನು ಕಳೆಯಬೇಡಿ. ನಿನಗಿಷ್ಟು ನನಗಿಷ್ಟು ಎಂದು ಹಂಚಿಕೊಳ್ಳಲೂ ಬೇಡಿ. ಯಾರಾದರೊಬ್ಬರು, ಎಲ್ಲವನ್ನೂ ಒಟ್ಟಿಗೆ, ಜೋಪಾನವಾಗಿ ಇಟ್ಟುಕೊಳ್ಳಿ.