ತಲಿ ತುಂಬ್ಯದ

ಸತ್ತವರು ಕಾಣಿಸಿಕೊಳ್ಳುತ್ತಾರೆ ಎನ್ನುವವರನ್ನು ನಾನು ಹಗುರವಾಗಿ ಕಾಣುತ್ತಿದ್ದೆ. ಹೊತ್ತಿಗೆ ಸರಿಯಾಗಿ ಉಂಡು ಮಲಗಿದರೆ ಇಂಥವು ಕಾಣುವುದಿಲ್ಲ ಎಂದು ಮುಖದ ಮೇಲೆಯೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯ ಒಬ್ಬ ಡಾಕ್ಟರರ ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಔಷಧಿಗೆ ಜನ ಮನೆಯಿಂದಲೇ ಬಾಟ್ಲಿ ತರುತ್ತಿದ್ದರು. ನಾನು ಅದನ್ನು ತುಂಬಿ, ಒಂದೊಂದು ಹೊತ್ತಿಗೆ ಒಂದೊಂದು ಕಚ್ಚು ಇರುವಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಬಾಟ್ಲಿ ತುಂಬುವುದು ಹನ್ನೆರಡು ಗಂಟೆಯವರೆಗೆ ಮಾತ್ರ. ಅದು ನಾನೇ ಮಾಡಿದ ನಿಯಮ.

ದೂರದ ಹಳ್ಳಿ ಬಾಗಲವಾಡದ ಹುಸೇನಪ್ಪ ಏಳು ವರ್ಷದ ಮಗಳು ಹುಲಿಗೆಮ್ಮಳನ್ನು ಕರೆತಂದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ನೆಗಡಿ ಜ್ವರ ಇಳಿದಿತ್ತು, ವಾಂತಿ ನಿಂತಿರಲಿಲ್ಲ. ಡಾಕ್ಟರರು ವಾಂತಿ ನಿಲ್ಲುವ ಔಷಧಿ ಬರೆದರು.

"ಐದು ನಿಮಿಷ ತಡ ಆಗಿದ್ರ ಈ ಗಡಿಯಾರದ ಸಾಹೇಬ್ರು ನಮ್ಮನ್ನ ಹೊಳ್ಳಿ ಕಳಸ್ತಿದ್ರು ನೋಡವ್ವಾ," ಎಂದು ಹುಸೇನಪ್ಪ ಮಗಳಿಗೆ ಹೇಳಿದ. ಅವಳು ನಕ್ಕಳು.

ಮರುದಿನ ಸಂಜೆ ನಾಲ್ಕಕ್ಕೆ ಅಳತೆಯ ಗ್ಲಾಸು ತೊಳೆಯುತ್ತಿದ್ದೆ. ಔಷಧಿ ಕೊಡುವ ಕಿಟಕಿಯಾಚೆ ಹುಲಿಗೆಮ್ಮ ನಿಂತಿದ್ದಳು, ಅದೇ ಹಸಿರು ಲಂಗ. ಗ್ಲಾಸುಗಳ ಸದ್ದಿನಲ್ಲಿ ನನಗೆ ಕೇಳಿಸಿದ್ದು, "ಯಪ್ಪಾ, ಬಾಟ್ಲಿ ತುಂಬ್ಯದ."

"ತುಂಬಿದ್ರ ಮತ್ಯಾಕ ಬಂದಿ? ನಾಳೆ ಮುಂಜಾನಿ ಬಾ," ಎಂದೆ. ಗ್ಲಾಸು ಒರೆಸಿ ತಿರುಗಿದಾಗ ಅವಳಿರಲಿಲ್ಲ.

ಮೂರನೆಯ ದಿನ ಹುಸೇನಪ್ಪ ಒಬ್ಬನೇ ಬಂದು ಬಾಟ್ಲಿಯನ್ನು ಕಿಟಕಿಯಲ್ಲಿಟ್ಟ. ಎರಡೇ ಕಚ್ಚು ಇಳಿದಿತ್ತು.

"ವಾಂತಿ ನಿಂತಿತ್ರೀ. ಆಮ್ಯಾಲ ಮಲಗಿದಾಕಿ ಹಾಸಿಗಿ ಬಿಟ್ಟು ಏಳಲೇ ಇಲ್ಲ. 'ತಲಿ ತುಂಬ್ಯದ, ತಲಿ ತುಂಬ್ಯದ' ಅಂತಿದ್ಲು. ನಿನ್ನೆ ನಾಕಕ್ಕ ಹೋದ್ಲು."

ಕೆಲವು ವರ್ಷಗಳ ನಂತರ ರಾಯಚೂರಿನಲ್ಲಿ ಅದೇ ಡಾಕ್ಟರರು ಒಂದು ವೈದ್ಯಕೀಯ ಪತ್ರಿಕೆ ತೋರಿಸಿದರು. ಜ್ವರದ ಬಳಿಕ ಮಕ್ಕಳ ಮಿದುಳು ಬಾತುಕೊಳ್ಳುವುದಕ್ಕೂ ಅಂಥ ವಾಂತಿಯ ಔಷಧಿಗೂ ನಂಟಿರಬಹುದೆಂದು ಕೆಲವು ಸಂಶೋಧಕರಿಗೆ ಅನುಮಾನವಂತೆ. ತಪ್ಪು ಔಷಧಿಯದಲ್ಲ, ವಾಂತಿಯೇ ಆ ರೋಗದ ಮೊದಲ ಲಕ್ಷಣ ಎನ್ನುವವರೂ ಇದ್ದರಂತೆ. "ಇನ್ನೂ ಸಾಬೀತಾಗಿಲ್ಲ," ಎಂದು ಪತ್ರಿಕೆ ಮಡಚಿಟ್ಟು ಚಹಾ ತರಿಸಿದರು. ನಾನು ಕುಡಿಯಲಿಲ್ಲ.

ಆ ವಾದವನ್ನು ಅವರು ಬಗೆಹರಿಸಿಕೊಳ್ಳಲಿ. ಬಾಗಲವಾಡದಲ್ಲಿ ಹಾಸಿಗೆ ಹಿಡಿದಿದ್ದ ಮಗು ಮಾನ್ವಿಯ ಕಿಟಕಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಭ್ರಮೆ ಎಂದುಕೊಂಡು ನೋಡಿದೆ. ಆದರೆ ಅವಳು ಅಂದದ್ದು ಬಾಟ್ಲಿಯಲ್ಲ, ತಲಿ ಎಂದಾದರೆ, ನನಗೇ ಗೊತ್ತಿಲ್ಲದ ಆ ಮಾತು ನನ್ನ ಭ್ರಮೆಗೆ ಹೇಗೆ ಗೊತ್ತಾಯಿತು? ಬಂದದ್ದು ಯಾರೇ ಇರಲಿ, ನಾಳೆ ಬಾ ಎಂದು ಕಳಿಸಿದವನು ನಾನು.